ಅಜ್ಜಿಯ ಸೊಂಟ, ನನ್ನ ಸ್ಪೋರ್ಟ್ ಸಸ್ಪೆನ್ಶನ್

…ಅದಕ್ಕೇ ಹೇಳಿದ್ದು, ಕಾರಿಗೆ ಸಸ್ಪೆನ್ಶನ್ ಅಂದರೆ ಸ್ಪೋರ್ಟ್ ಸಸ್ಪೆನ್ಶನ್, ಉಳಿದದ್ದೆಲ್ಲ ತೊಟ್ಟಿಲು. ಈ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಿ ಚರ್ಚಿನ ಮುಂದೆ ನಿಲ್ಲಿಸಲೂ ನಾನು ತಯಾರಿದ್ದೆ. ತಯಾರಿದ್ದೆ ಎಂದರೆ, ಹೋದ ವರ್ಷದವರೆಗೆ.

ಜರ್ಮನಿಯ ನಮ್ಮ ಶ್ವಾಬಿಯಾದಲ್ಲಿ ಮನೆಗೊಬ್ಬರಾದರೂ ಕಾರಿನ ಕಾರ್ಖಾನೆಯಲ್ಲಿ ಇರುತ್ತಾರೆ. ನಮ್ಮ ಮನೆಯಿಂದ ನನ್ನ ಹೆಂಡತಿ ಫ್ರೀಡೆರಿಕೆ, ನಮಗೆಲ್ಲ ರಿಕೆ, ಬಣ್ಣದ ವಿಭಾಗ. ನಾನು ಶಾಲೆಯಲ್ಲಿ ಭೂಗೋಳ ಹೇಳಿಕೊಡುವವನು. ಕಾರಿನ ಮಾತು ಬಂದರೆ ಮಾತ್ರ ಇಡೀ ಕಾರ್ಖಾನೆಗೇ ಮೇಷ್ಟ್ರು. ಅಲ್ಲಿನವರಿಗೆ ರಿಯಾಯಿತಿಯಲ್ಲಿ ವರ್ಷಕ್ಕೊಂದು ದೊಡ್ಡ ಕಾರು ಸಿಗುತ್ತದೆ. ವರ್ಷ ಓಡಿಸಿ, ಮಾರಿ, ಮುಂದಿನದಕ್ಕೆ ಅರ್ಜಿ ಹಾಕುವುದು ನಮ್ಮ ಕಡೆಯ ಪದ್ಧತಿ. ಅರ್ಜಿ ಒಮ್ಮೆ ಹೋಯಿತೆಂದರೆ ಮುಗಿಯಿತು, ಆಮೇಲೆ ಒಂದು ಸ್ಕ್ರೂ ಕೂಡ ಬದಲಾಯಿಸುವಂತಿಲ್ಲ.

ಆ ವರ್ಷ ಎಲ್ಲ ತುಂಬಿ ಒಂದೇ ಒಂದು ಚೌಕ ಉಳಿದಿತ್ತು. ಮಾಮೂಲಿ ಸ್ಪೋರ್ಟ್ ಸಸ್ಪೆನ್ಶನ್ನೋ, ಅಡಾಪ್ಟಿವ್ ಸಸ್ಪೆನ್ಶನ್ನೋ?

"ಅಡಾಪ್ಟಿವ್," ಎಂದಳು ರಿಕೆ. "ರಸ್ತೆ ಹೇಗಿದೆ ಅಂತ ತಾನೇ ನೋಡ್ಕೊಳ್ಳುತ್ತೆ. ಗುಂಡಿ ಬಂದ್ರೆ ಮೆತ್ತಗಾಗುತ್ತೆ, ತಿರುವು ಬಂದ್ರೆ ಬಿಗಿಯಾಗುತ್ತೆ. ಇನ್ನೇನ್ ಬೇಕು?"

"ಅದಕ್ಕೆ ಸ್ವಂತ ಅಭಿಪ್ರಾಯವೇ ಇಲ್ಲ ಕಣೇ. ಸ್ಪೋರ್ಟ್ ಅಂದ್ರೆ ಗಟ್ಟಿ ಸ್ಪ್ರಿಂಗು, ಒಂದೇ ಮಾತು. ಮಂತ್ರಿ ಬಂದ್ರೂ ಅಷ್ಟೇ, ಗುಂಡಿ ಬಂದ್ರೂ ಅಷ್ಟೇ."

"ಒಂದೇ ಮಾತಿನೋರ ಜೊತೆ ಆರು ವರ್ಷ ಸಂಸಾರ ಮಾಡಿದೀನಿ. ಕಾರಾದ್ರೂ ಹೇಳಿದ್ ಕೇಳೋದು ಇರಲಿ."

ಅವಳ ಚಿಂತೆ ನಿಜವಾಗಿ ನನ್ನದಲ್ಲ, ಅಜ್ಜಿಯದು. ರಿಕೆಯನ್ನು ಸಾಕಿ ಬೆಳೆಸಿದ ಹೆಡ್‌ವಿಗ್ ಅಜ್ಜಿ ನಮ್ಮ ಜೊತೆಗೇ ಇದ್ದಾರೆ. ಎಂಬತ್ತಮೂರು ವರ್ಷ. ಸೊಂಟದ ಕೀಲು ಬದಲಾಯಿಸಿಕೊಂಡು ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದರು. ಪ್ರತಿ ಭಾನುವಾರ ನಲವತ್ತು ಕಿಲೋಮೀಟರ್ ಆಚೆಯ ಕಣಿವೆಯಲ್ಲಿರುವ ತಂಗಿ ಲೀನಾಳ ಮನೆಗೆ ಹೋಗಿ, ಕಾಫಿ ಕುಡಿದು, ಪ್ಲಮ್ ಹಣ್ಣಿನ ಕೇಕು ತಿಂದು, ಸತ್ತವರನ್ನೂ ಬಿಡದೆ ಇಡೀ ಊರನ್ನು ಆಡಿಕೊಂಡು ಬಂದರೆ ಅವರಿಗೆ ವಾರ ಸಾರ್ಥಕ. ಕಾರು ಕುಲುಕಿದರೆ ಆ ಭಾನುವಾರಗಳೇ ನಿಂತುಹೋಗುತ್ತವೆ.

"ಹಾಗಿದ್ರೆ ಅಜ್ಜಿಯೇ ತೀರ್ಪು ಕೊಡಲಿ," ಎಂದೆ.

ಅಜ್ಜಿ ಅದೇ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸೀಟು ಹೊಲಿದವರು. "ಆಗಲಿ," ಎಂದರು. "ನನ್ನ ಕುಂಡಿಗೆ ಸುಳ್ಳು ಹೇಳೋ ಕಾರು ಇನ್ನೂ ಹುಟ್ಟಿಲ್ಲ."

ಶನಿವಾರಕ್ಕೆ ರಿಕೆ ಇಬ್ಬರು ಸಹೋದ್ಯೋಗಿಗಳಿಂದ ಎರಡು ಕಾರು ತಂದಳು. ಎರಡೂ ಒಂದೇ ಮಾದರಿ. ಒಂದರಲ್ಲಿ ಅಡಾಪ್ಟಿವ್, ಇನ್ನೊಂದರಲ್ಲಿ ನನ್ನ ಸ್ಪೋರ್ಟ್. ಮಧ್ಯಾಹ್ನ ಒಂದು ಗಂಟೆಗೆ ಅಜ್ಜಿಯ ಕಣ್ಣಿಗೆ ಶಾಲು ಕಟ್ಟಿ, ಯಾವುದು ಯಾವುದೆಂದು ಹೇಳದೆ, ಮೊದಲು ರಿಕೆ ಅವರನ್ನು ಅಡಾಪ್ಟಿವ್ ಕಾರಿನಲ್ಲಿ ಚರ್ಚಿನ ಕಲ್ಲುಹಾಸಿನ ಬೀದಿ ಸುತ್ತಿಸಿ ತಂದಳು. ಆಮೇಲೆ ಅದೇ ದಾರಿಯಲ್ಲಿ ನಾನು. ಏನು ಹೇಳಲಿ, ನನ್ನ ಕಾರು ಆ ಕಲ್ಲುಗಳ ಮೇಲೆ ಮಹಾರಾಜನ ಅಂಬಾರಿಯ ಹಾಗೆ ತೇಲಿತು. ನನಗೇ ಆಶ್ಚರ್ಯ. ದಾರಿಯುದ್ದಕ್ಕೂ ಸ್ಪ್ರಿಂಗಿನ ಇತಿಹಾಸ ಹೇಳುತ್ತಲೇ ಬಂದೆ.

ಅಜ್ಜಿ ಇಳಿದು ಶಾಲು ಬಿಚ್ಚಿದರು. "ಎರಡನೇದು. ಅದನ್ನೇ ತಗೊಳ್ಳಿ."

ರಿಕೆ ಮಾತಿಗೆ ತಪ್ಪುವವಳಲ್ಲ. ಅಲ್ಲೇ ನಿಂತು ಫೋನಿನಲ್ಲಿ ಸ್ಪೋರ್ಟ್ ಚೌಕ ಒತ್ತಿ ಅರ್ಜಿ ಕಳಿಸಿಬಿಟ್ಟಳು. ನಾನು ಎರಡು ಗಂಟೆಯವರೆಗೆ ಚಕ್ರವರ್ತಿಯಾಗಿದ್ದೆ.

ಎರಡು ಗಂಟೆಗೆ ಡಿಕ್ಕಿ ತೆಗೆದೆ.

ಒಳಗೆ ಎಂಟು ಕ್ರೇಟು ಸೋಡಾ ನೀರು. ಬೆಳಿಗ್ಗೆ ನಾನೇ ಆ ಸ್ಪೋರ್ಟ್ ಕಾರಿನಲ್ಲಿ ಅಂಗಡಿಯಿಂದ ತಂದದ್ದು. ಮನೆ ಮುಟ್ಟಿದಾಗ ಹನ್ನೆರಡೂ ಕಾಲು. ನಮ್ಮ ಕಟ್ಟಡದಲ್ಲಿ ಹನ್ನೆರಡರಿಂದ ಎರಡರವರೆಗೆ ಸದ್ದು ಮಾಡುವಂತಿಲ್ಲ. ಒಂದು ಬಾಟಲಿ ಕಿಣಿ ಎಂದರೂ ಮೇಲಿನ ಮನೆಯ ರೆಂಪ್ಫರ್ ಸಾಹೇಬರು ನಿಯಮಾವಳಿ ಹಿಡಿದು ಬಾಲ್ಕನಿಗೆ ಬರುತ್ತಾರೆ. ಕಾನೂನು ಪಾಲಿಸುವ ನಾನು ಕ್ರೇಟುಗಳನ್ನು ಡಿಕ್ಕಿಯಲ್ಲೇ ಬಿಟ್ಟು ಮರೆತಿದ್ದೆ. ತೇಲಿದ್ದು ಸ್ಪೋರ್ಟ್ ಸಸ್ಪೆನ್ಶನ್ ಅಲ್ಲ, ನೂರ ನಲವತ್ತು ಕಿಲೋ ಭಾರಕ್ಕೆ ಹಣ್ಣಾದ ಸಸ್ಪೆನ್ಶನ್.

ಹೇಳಬೇಕಿತ್ತು. ಹೇಳಲಿಲ್ಲ. ಏಳು ತಿಂಗಳು ಕಳೆದು ಹೊಸ ಕಾರು ಬಂತು. ಒಬ್ಬನೇ ಕೂತು ಕಲ್ಲುಹಾಸಿನ ಬೀದಿಗೆ ಹೋದೆ. ಹಲ್ಲು ಹಲ್ಲನ್ನು ವಿಚಾರಿಸಿಕೊಂಡವು. ಅಜ್ಜಿಯ ಹೊಸ ಕೀಲು ಇದರಲ್ಲಿ ಎರಡು ಭಾನುವಾರವೂ ಬಾಳುವುದಿಲ್ಲ ಎನಿಸಿತು.

ಅಲ್ಲಿಂದ ಶುರುವಾಯಿತು ನನ್ನ ಭಗೀರಥ ಪ್ರಯತ್ನ. ಪ್ರತಿ ಭಾನುವಾರ ಅವರಿಬ್ಬರೂ ಬಟ್ಟೆ ಬದಲಾಯಿಸುವಷ್ಟರಲ್ಲಿ ನೆಲಮಾಳಿಗೆಯಿಂದ ಎಂಟು ಕ್ರೇಟು ಹೊತ್ತು ಡಿಕ್ಕಿಗೆ ತುಂಬುವುದು. ವಾಪಸು ಬಂದಮೇಲೆ, ಸೋಮವಾರ ರಿಕೆ ಕೆಲಸಕ್ಕೆ ಹೊರಡುವ ಮುಂಚೆ, ಮತ್ತೆ ಇಳಿಸುವುದು. ಭಾನುವಾರವೆಂದರೆ ನಮ್ಮಲ್ಲಿ ಇಡೀ ದಿನ ಸದ್ದಿಲ್ಲ. ಆದ್ದರಿಂದ ತೊಂಬತ್ತಾರು ಬಾಟಲಿಗೂ ಒಂದೊಂದು ಕಾಲುಚೀಲ ತೊಡಿಸಿದೆ.

"ಕಿಲಿಯನ್, ನನ್ ಸಾಕ್ಸ್ ಎಲ್ಲ ಎಲ್ಲಿ ಹೋದ್ವು?"

"ವಾಷಿಂಗ್ ಮೆಷಿನ್ ನುಂಗಿರ್ಬೇಕು."

"ನಿನ್ನವನ್ನೂ ನುಂಗಿತಾ? ಬರಿಗಾಲಲ್ಲಿ ಶೂ ಹಾಕ್ಕೊಂಡಿದೀಯ."

ರೆಂಪ್ಫರ್ ಸಾಹೇಬರೂ ಒಂದು ದಿನ ಮೆಟ್ಟಿಲಲ್ಲಿ ತಡೆದರು. "ಏನ್ರೀ, ಪ್ರತಿ ಭಾನುವಾರ ನೀರಿಗೆ ಗಾಳಿ ತೋರ್ಸಿ ತರ್ತೀರಾ?"

ಒಂಬತ್ತನೆಯ ಭಾನುವಾರ ಏಳನೆಯ ಕ್ರೇಟನ್ನು ಎತ್ತಿದಾಗ ಬೆನ್ನಿನಲ್ಲಿ ಏನೋ ಲಟಕ್ಕೆಂದಿತು. ತಲೆ ಡಿಕ್ಕಿಯೊಳಗೆ, ಉಳಿದವನು ಹೊರಗೆ. ಹಾಗೇ ನಿಂತೆ. ಅಜ್ಜಿ, ಮೊಮ್ಮಗಳು ಬಂದು ನೋಡಿದರು.

"ಏನ್ ಹುಡುಕ್ತಿದೀಯ?" ಎಂದಳು ರಿಕೆ. ಆಮೇಲೆ ಬಗ್ಗಿ ನೋಡಿದಳು. "ಇದು ನನ್ ಹಸಿರು ಸಾಕ್ಸ್ ಅಲ್ವಾ?"

ಡಿಕ್ಕಿಯೊಳಗಿನಿಂದಲೇ ಎಲ್ಲ ಒಪ್ಪಿಕೊಂಡೆ. ಪರೀಕ್ಷೆಯ ದಿನದ ನೀರು, ಕುಲುಕಾಟ, ಕಾಲುಚೀಲ, ಎಲ್ಲ. ಕೊನೆಗೆ, "ಅಜ್ಜಿ, ನಿಮ್ಮ ಸೊಂಟಕ್ಕೆ ಮೋಸ ಮಾಡಿಬಿಟ್ಟೆ, ಕ್ಷಮಿಸಿ," ಎಂದೆ.

ಅಜ್ಜಿ ಒಂದು ಬಾಟಲಿಯ ಕಾಲುಚೀಲ ಎಳೆದು ನೋಡಿದರು. "ಮೋಸ ಎಲ್ಲಿ ಬಂತಪ್ಪಾ? ಆವತ್ತು ಹಿಂದೆ ಬಾಟಲಿ ಕುಣೀತಿದ್ದದ್ದು ನಂಗೆ ಕೇಳಿಸ್ತಿತ್ತು. ನಿನ್ ಮಾತಿನಲ್ಲಿ ನಿಂಗೇ ಕೇಳಿಸ್ಲಿಲ್ಲ. ಆ ಭಾರ ಇಳಿದ್ರೆ ಕಾರು ಗಟ್ಟಿ ಅಂತ ಆಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಇದನ್ನೇ ಆರಿಸಿದ್ರಾ?"

"ರಿಕೆ ಕಾರು ಬೆಣ್ಣೆ ಕಣಪ್ಪಾ. ಅದೇ ತೊಂದರೆ. ಆಸ್ಪತ್ರೆಯಿಂದ ಬಂದಾಗ್ಲಿಂದ ಎಲ್ಲರೂ ನನ್ನ ಮೊಟ್ಟೆ ಥರ ಎತ್ತಿ ಇಡ್ತಾರೆ. ಸೂಪೂ ಸಪ್ಪೆ, ಮಾತೂ ಸಪ್ಪೆ. ರಸ್ತೆ ಒಂದಾದ್ರೂ ಬದುಕಿದೀನಿ ಅಂತ ನೆನಪಿಸ್ಲಿ ಅಂತ ಗಟ್ಟಿ ಕಾರು ಆರಿಸ್ದೆ. ಡಾಕ್ಟ್ರನ್ನ ಕೇಳೇ ಆರಿಸ್ದೆ. ನೋಡಿದ್ರೆ, ಎರಡು ತಿಂಗಳಿಂದ ಇದೂ ಬೆಣ್ಣೆ. ನಾನು ಕಾರ್ಖಾನೆಯೋರನ್ನ ಬೈಕೊಂಡು ಓಡಾಡ್ತಿದ್ದೆ. ಮೊದ್ಲು ಆ ನೀರು ಇಳಿಸು."

ಇಳಿಸಿದ್ದು ರಿಕೆ. ನನ್ನನ್ನು ಮಡಚಿ ಹಿಂದಿನ ಸೀಟಿಗೆ ಸೇರಿಸಿದ್ದೂ ಅವಳೇ. ಖಾಲಿ ಡಿಕ್ಕಿಯ, ಅಪ್ಪಟ, ಒಂದೇ ಮಾತಿನ ಸ್ಪೋರ್ಟ್ ಸಸ್ಪೆನ್ಶನ್ ಮೇಲೆ ನಲವತ್ತು ಕಿಲೋಮೀಟರ್ ಹೋದೆವು. ಒಂದೊಂದು ಕಲ್ಲೂ ನನ್ನ ಬೆನ್ನಿಗೆ ಬಂದು ಹೆಸರು, ವಿಳಾಸ ಹೇಳಿಹೋಯಿತು. ಮುಂದಿನ ಸೀಟಿನಲ್ಲಿ ಅಜ್ಜಿ ಪ್ರತಿ ಗುಂಡಿಗೂ ನಗುತ್ತಿದ್ದರು.

"ರಿಕೆ," ಎಂದು ನರಳಿದೆ, "ಮುಂದಿನ ವರ್ಷ ಅಡಾಪ್ಟಿವ್ ತಗೊಳ್ಳೋಣ ಕಣೇ."

"ಆಗಲ್ಲ," ಎಂದರು ಅಜ್ಜಿ, ತಿರುಗಿ ಕೂಡ ನೋಡದೆ.

ನೀವು ಆ ಕಡೆ ಹೋದರೆ ಅವರನ್ನು ಖಂಡಿತ ಮಾತಾಡಿಸಿ ಬನ್ನಿ. ಭಾನುವಾರ ಸರಿಯಾಗಿ ಎರಡು ಗಂಟೆಗೆ ಚರ್ಚಿನ ಬೀದಿಯಲ್ಲಿ ನಿಂತರೆ ಸಾಕು, ಅಜ್ಜಿ ತಾವೇ ರಿಕೆಗೆ ಹೇಳಿ ಕಾರು ನಿಲ್ಲಿಸಿ ಹತ್ತಿಸಿಕೊಳ್ಳುತ್ತಾರೆ, ಲೀನಾಳ ಮನೆಯಲ್ಲಿ ಕೇಕೂ ಸಿಗುತ್ತದೆ. ಹಿಂದಿನ ಸೀಟು ಪೂರ್ತಿ ಖಾಲಿ ಇದೆ. ನಾನು ಈಗ ಬಸ್ಸಿನಲ್ಲಿ ಹೋಗುತ್ತೇನೆ.