ಸತ್ತೆಪ್ಪ ಹಿಡಿದ ಪೈಪು

ನಳದ ಗುಂಡಿಯನ್ನು ಇನ್ನೊಂದು ಗೇಣು ಆಳ ಮಾಡಿದರೆ ಯಮನವ್ವನ ಮನೆಗಿಂತ ಮೊದಲು ತನ್ನ ಮನೆಗೇ ನೀರು ಬರುತ್ತದೆ ಎಂಬ ಜ್ಞಾನ ಸತ್ತೆಪ್ಪನಿಗೆ ಬೆಳಿಗ್ಗೆ ಚಹಾ ಕುಡಿಯುವಾಗ ಹುಟ್ಟಿತು. ಕೊಣ್ಣೂರಿನ ಆ ಓಣಿಗೆ ನಳದ ನೀರು ವಾರಕ್ಕೊಮ್ಮೆ. ನಳ ತಗ್ಗಿನಲ್ಲಿದ್ದಷ್ಟೂ ಧಾರೆ ದಪ್ಪ ಎಂದು ಪ್ರತಿ ಮನೆಯವರೂ ಬಾಗಿಲ ಮುಂದೆ ಗುಂಡಿ ತೋಡಿ ನಳವನ್ನು ಅದರೊಳಗೆ ಇಳಿಸಿದ್ದರು. ಆದರೂ ಬಾಜೂ ಮನೆಯ ಯಮನವ್ವನ ಟಾಕಿ ತುಂಬುವ ಹೊತ್ತಿಗೆ ಸತ್ತೆಪ್ಪನ ಬ್ಯಾರಲ್ಲಿನ ತಳ ಮಾತ್ರ ತೊಯ್ದಿರುತ್ತಿತ್ತು.

ಇವತ್ತು ನೀರಿನ ದಿನ, ನೀರು ಬಿಡುವ ಹೊತ್ತೂ ಆಗಿತ್ತು. ನಾಳೆ ಬಸುರಿ ಮಗಳು ದೀಪಾಳ ಕುಬಸ. ಮೂಡಲಗಿಯ ಬೀಗರು ಟೆಂಪೋ ತುಂಬ ಬರುವವರಿದ್ದರು, ಮನೆಯಲ್ಲಿ ಕೈ ತೊಳೆಯಲೂ ನೀರಿರಲಿಲ್ಲ. ಟ್ಯಾಂಕರಿನವನನ್ನು ಕೇಳಿದರೆ, ಲಗ್ನದ ಸುಗ್ಗಿ, ನಾಡಿದ್ದು ನೋಡೋಣ ಎಂದಿದ್ದ. ಸತ್ತೆಪ್ಪ ಕೂತಲ್ಲಿ ಕೂರಲಾಗದೆ ಹಾರೆ ಹಿಡಿದು ಗುಂಡಿಗಿಳಿದ. ನಾಲ್ಕು ಏಟು ಹಾಕಿರಬೇಕು, ನೆಲದೊಳಗಿಂದ ನೀರು ಚಿಮ್ಮಿ ಅವನ ಮುಖಕ್ಕೇ ಬಡಿಯಿತು.

"ಏನ್ ಮಾಡಿದ್ರಿ?" ಹೆಂಡತಿ ಸಾತವ್ವ ಓಡಿ ಬಂದಳು.

"ಏನಿಲ್ಲ. ಪೈಪ ಸ್ವಲ್ಪ ಒಡೀತು."

"ಸ್ವಲ್ಪ ಹೆಂಗ ಒಡೀತೈತ್ರಿ ಪೈಪ?"

ಅವನು ನಳ ಜೋಡಿಸುವ ಸಿದ್ರಾಯನಿಗೆ ಫೋನ್ ಹಚ್ಚಿದ. ಸಿದ್ರಾಯ ಧುಪದಾಳದಲ್ಲಿದ್ದ. "ಹಾದ್ಯಾಗ ಅದೀನ್ರಿ, ಬಂದ ಬಿಟ್ಟೆ" ಎಂದ. ಅವನ ಹಿಂದೆ ಯಾರೋ "ಇನ್ನೊಂದೀಟು ಸಾರು ಹಾಕ್ರಿ" ಎನ್ನುವುದು ಕೇಳಿಸುತ್ತಿತ್ತು.

ಅಷ್ಟರಲ್ಲಿ ಗುಂಡಿಯ ಸುತ್ತ ಓಣಿಯೇ ನೆರೆದಿತ್ತು. ಎದುರುಮನೆಯ ಕೆಂಚಪ್ಪ ಕಾಕಾ ಸೈಕಲ್ ಟ್ಯೂಬಿನ ತುಂಡು ತಂದು ಸುತ್ತಿಸಿದ. ಅದು ನಿಲ್ಲಲಿಲ್ಲ. ಬಟ್ಟೆ ಸುತ್ತಿಸಿದ. ಅದೂ ಹಾರಿ ಹೋಯಿತು.

"ಸತ್ತೆಪ್ಪಾ, ಟ್ಯೂಬ್ ಮ್ಯಾಲ ಎರಡೂ ಕೈಲೆ ಒತ್ತಿ ಹಿಡಿಯೋ" ಎಂದಳು ಯಮನವ್ವ, ಸೆರಗು ಸಿಕ್ಕಿಸಿಕೊಂಡು. "ನೀರು ಸುಮ್ನ ಹರದ ಹೋದ್ರ ಪಾಪ ಬರ್ತೈತಿ."

ಅವನು ಒತ್ತಿ ಹಿಡಿದ. ಚಿಮ್ಮುವುದು ನಿಂತಿತು. ಇನ್ನು ಸಿದ್ರಾಯ ಬರುವವರೆಗೆ ಹೀಗೇ ಹಿಡಿದರೆ ಸಾಕು, ಪೈಪು ಕೂಡಿಸಿದ ಕೂಡಲೇ ಬ್ಯಾರಲ್ಲು ತುಂಬಬಹುದು ಎಂದು ಜೀವಕ್ಕೆ ಸಮಾಧಾನ ಹೇಳಿಕೊಂಡ.

ಸಾತವ್ವ ಮೆಲ್ಲಗೆ ಅಂದಳು: "ನಮ್ಮ ನಳಾ ಒಮ್ಮೆ ತಿರುವಿ ನೋಡೂನೇನ್ರಿ?"

"ಬ್ಯಾಡವಾ" ಎಂದ ಕೆಂಚಪ್ಪ. "ಒಡದ ಪೈಪಿನಾಗ ರಾಡಿ ಹೊಕ್ಕಿರ್ತೈತಿ. ಬೀಗರಿಗೆ ರಾಡಿ ಕುಡಸ್ತೀ ಏನು?"

ಬೀಗರ ಹೆಸರು ಕೇಳಿದ ಮೇಲೆ ಸತ್ತೆಪ್ಪ ಕೈ ಇನ್ನಷ್ಟು ಬಿಗಿ ಮಾಡಿದ. ಮೊಣಕಾಲುದ್ದ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತವನಿಗೆ ಮೂಗು ತುರಿಸತೊಡಗಿತು. ಕೆರೆದುಕೊಳ್ಳಲು ಕೈ ಇಲ್ಲ, ಯಾರಿಗಾದರೂ ಕೆರೆಯಿರಿ ಎನ್ನಲು ನಾಚಿಕೆ. ಓಣಿಯವರು ತಮ್ಮ ತಮ್ಮ ನೀರು ತುಂಬಿಕೊಂಡು ಹೋಗುತ್ತ ಬರುತ್ತ ಇಣುಕಿ, "ಇನ್ನೂ ಹಿಡದಾನಲಾ" ಎಂದು ಮೆಚ್ಚಿದರು. ಮಗಳ ಅತ್ತೆಯ ಮುಂದೆ ಮಾನ ಹೋಗುವ ಚಿತ್ರ ಕಣ್ಣ ಮುಂದೆ ಬಂದಾಗಲೆಲ್ಲ ಅವನಿಗೆ ಅಳುವೇ ಬರುತ್ತಿತ್ತು.

ಕೊನೆಗೂ ಸಿದ್ರಾಯ ಬಂದ, ಎಲೆಯಡಿಕೆ ಜಗಿಯುತ್ತ. ಗುಂಡಿಯೊಳಗೆ ಬಗ್ಗಿ ನೋಡಿದ, ತಲೆ ಕೆರೆದುಕೊಂಡ.

"ಇದು ನಿಮ್ಮ ಪೈಪ ಅಲ್ರಿ."

"ಮತ್ಯಾರದು?"

"ಯಮನವ್ವಾರದು. ಅವರ ನಳಾ ಹಾಕೋ ದಿನಾ ಸಂಜಿ ಆಗಿತ್ತು, ಹತ್ರ ಆಕ್ಕೈತಿ ಅಂತ ನಿಮ್ಮ ಗುಂಡ್ಯಾಗ ಹಾಯಿಸಿ ಬಿಟ್ಟೆ. ನಿಮ್ಮದು ಇಲ್ಲೈತಿ ನೋಡ್ರಿ, ಗಟ್ಟಿಮುಟ್ಟ." ಕೆಸರು ಸರಿಸಿ ಸತ್ತೆಪ್ಪನ ನಳ ತಿರುವಿದ. ತಿಳಿ ನೀರು ದಪ್ಪ ಧಾರೆಯಾಗಿ ಬಂತು. ಸಾತವ್ವ ಕೊಡ ತರಲು ಒಳಗೆ ಓಡಿದಳು. ಅವಳು ಹೊರಗೆ ಬರುವಷ್ಟರಲ್ಲಿ ನಳ ಗೊರಗೊರ ಎಂದು ಸುಮ್ಮನಾಯಿತು. ಓಣಿಯ ಪಾಳಿ ಮುಗಿದಿತ್ತು.

ಮಾಳಿಗೆಯ ಮೇಲಿಂದ ಯಮನವ್ವ ಕೂಗಿದಳು: "ಸತ್ತೆಪ್ಪಾ, ಇವತ್ತ ನನ್ನ ಟಾಕಿ ತುಂಬಿ ಹರೀತು ನೋಡಪಾ. ಒಂದ ಹನಿ ಹಾಳ ಮಾಡಲಿಲ್ಲ ನೀ."

ಆಮೇಲೆ ಒಳ್ಳೆಯ ಮನಸ್ಸಿನಿಂದಲೇ ಎರಡು ಕೊಡ ತುಂಬಿಕೊಂಡು ಕೆಳಗಿಳಿದು ಬಂದಳು. "ನಾಳೆ ಕುಬಸ ಅಲಾ, ಇಟ್ಕೊ. ಮುಂದಿನ ವಾರ ಹೊಳ್ಳಿ ಕೊಡು. ಪೈಪ ಮಾತ್ರ ಇವತ್ತ ಹೊಸಾದ ಹಾಕ್ಸು, ಒಡದಾಂವ ನೀನ ಅಲಾ."

ಸತ್ತೆಪ್ಪ ಕೊಡಕ್ಕೆ ಕೈ ಚಾಚಿದ. ಬೆರಳುಗಳು ಪೈಪು ಹಿಡಿದಂತೆಯೇ ಮಡಚಿಕೊಂಡಿದ್ದವು. ಎಷ್ಟು ತಿಣುಕಿದರೂ ಬಿಚ್ಚಲಿಲ್ಲ.