ಕೆಡದೆ ನಿಂತ ಕಾರು

ಶನಿವಾರ ಸಂಜೆ ಕಾರಿನ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ‘ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳಲೇ?’ ಬೀರಸಿದ್ದಪ್ಪ ಮಾಸ್ತರರು ಓದುವ ಗೋಜಿಗೂ ಹೋಗದೆ ‘ಹೌದು’ ಎಂಬಲ್ಲಿ ಬೆರಳೊತ್ತಿ ಒಳಗೆ ಹೋಗಿ ಊಟಕ್ಕೆ ಕೂತರು. ಅದು ಅವರ ಸ್ವಭಾವ. ಗೋಕಾಕದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಚಿತ್ರಕಲೆ ಕಲಿಸಿದ ಈ ಮನುಷ್ಯ ಯಾರಿಗೂ, ಯಾವುದಕ್ಕೂ ಇಲ್ಲ ಎಂದವರಲ್ಲ.

ಅದೇ ಸ್ವಭಾವ ತಂದಿಟ್ಟ ಪೇಚೊಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ತುಕ್ಕಾನಟ್ಟಿಯಲ್ಲಿ ಅವರಿಗಾಗಿ ಕಾದಿತ್ತು. ಹೆಂಡತಿ ಶೋಭಾಳ ಇಬ್ಬರು ತಮ್ಮಂದಿರು, ಯಲ್ಲಪ್ಪ ಮತ್ತು ಲಕ್ಷ್ಮಣ, ಅಂದು ಆಸ್ತಿ ಹಂಚಿಕೊಂಡು ಬೇರೆಯಾಗುವವರಿದ್ದರು. ಎಂಟು ತಿಂಗಳಿಂದ ಅವರ ನಡುವೆ ಮಾತಿಲ್ಲ. ಕುರಿಗಳನ್ನಾದರೆ ಎಣಿಸಿ ಹಂಚಬಹುದು. ಕಾಲುವೆ ಪಕ್ಕದ ಹೊಲ ಯಾರಿಗೆ ಎಂಬುದೇ ಜಗಳ. ಅಕ್ಕನ ಗಂಡ ಹೇಳಿದ್ದೇ ಕೊನೆಯ ಮಾತು ಎಂದು ಇಬ್ಬರೂ ತಕರಾರಿಲ್ಲದೆ ಒಪ್ಪಿದ್ದರು. ಯಾಕೆಂದರೆ ಯಲ್ಲಪ್ಪ ಗುಟ್ಟಾಗಿ ಬಂದು, “ಆ ಹೊಲಾ ನನಗ ಕೊಡಸ್ರಿ ಮಾಮಾ,” ಎಂದಾಗ ಮಾಸ್ತರರು “ಆತು” ಎಂದಿದ್ದರು. ನಾಲ್ಕು ದಿನ ಬಿಟ್ಟು ಲಕ್ಷ್ಮಣ ಬಂದು ಅದನ್ನೇ ಕೇಳಿದಾಗಲೂ “ಆತು” ಎಂದಿದ್ದರು. ಈಗ ಹೋದರೆ ಒಬ್ಬ ಭಾವಮೈದುನ ಕೈತಪ್ಪುವುದು ಖಂಡಿತ. ಎರಡು ದಿನ ಮೊದಲೇ ತವರಿಗೆ ಹೋಗಿ ಕೂತಿರುವ ಶೋಭಾ ಆಮೇಲೆ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಪಾರಾಗಲು ಮಾಸ್ತರರು ನಂಬಿದ್ದು ತಮ್ಮ ಕಾರನ್ನು. ಕೆಟ್ಟು ನಿಲ್ಲುವುದರಲ್ಲಿ ಅದು ಇಷ್ಟು ದಿನ ಅವರಿಗೆ ಒಮ್ಮೆಯೂ ಮೋಸ ಮಾಡಿರಲಿಲ್ಲ. ಹಳೆಯ ಕಾಲದ ಗಾಡಿ ಕೆಟ್ಟರೆ ಹೊಗೆ ಬರುತ್ತಿತ್ತು, ಎಣ್ಣೆ ಸೋರುತ್ತಿತ್ತು, ಕಾರಣ ಕಣ್ಣಿಗೆ ಕಾಣುತ್ತಿತ್ತು. ಇದು ಹಾಗಲ್ಲ. ಸುಡುಬಿಸಿಲಲ್ಲಿ ವೈಪರ್ ಆಡಿಸುತ್ತಿತ್ತು. ಒಮ್ಮೆ ಮೂಡಲಗಿ ಬಸ್‌ಸ್ಟ್ಯಾಂಡಿನ ಎದುರು ಪರದೆ ಕಪ್ಪು ಮಾಡಿಕೊಂಡು, ನಾಲ್ಕೂ ಬಾಗಿಲು ಬಿಗಿದು, ಮಾಸ್ತರರನ್ನು ಒಳಗೇ ಕೂಡಿಹಾಕಿತ್ತು. ಬೀಗರೆಲ್ಲ ಬಲ್ಲ ಕತೆ ಇದು. ‘ಕಾರು ಕೆಟ್ಟಿತು’ ಎಂದರೆ ಯಾರೂ ಮರುಪ್ರಶ್ನೆ ಕೇಳುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಾಸ್ತರರು ಭಕ್ತಿಯಿಂದ ಗುಂಡಿ ಒತ್ತಿದರು. ಕಾರು ಸದ್ದಿಲ್ಲದೆ ಚಾಲೂ ಆಯಿತು. ಪರದೆಯ ಮೇಲೆ ಒಂದು ಕೆಂಪು ದೀಪವೂ ಇಲ್ಲ. ಅವರು ಇಳಿದು, ಬೀಗದ ಕೈಯನ್ನು ಮನೆಯೊಳಗಿಟ್ಟು ಬಂದು ಮತ್ತೆ ಒತ್ತಿದರು. ಜೇಬಿನಲ್ಲಿದ್ದ ಮೊಬೈಲನ್ನೇ ಕೀಲಿಯೆಂದು ಒಪ್ಪಿಕೊಂಡು ಕಾರು ಮತ್ತೆ ಚಾಲೂ ಆಯಿತು. 

ಅಷ್ಟರಲ್ಲಿ ಎದುರುಮನೆಯ ಅಲ್ಲಪ್ಪ ಮಿಸ್ತ್ರಿ ತೋಳು ಮಡಚುತ್ತ ಬಂದರು. ನಲವತ್ತು ವರ್ಷ ಜೀಪುಗಳ ಅಡಿಯಲ್ಲಿ ಮಲಗಿ ರಿಪೇರಿ ಮಾಡುತ್ತ ಬಾಳಿದವರು. ಪ್ರತಿ ಭಾನುವಾರ ಈ ಕಾರನ್ನು ನೂಕಿಕೊಡುವುದು, ನೂಕುತ್ತ ಬೈಯುವುದು ಅವರ ಪದ್ಧತಿ.

“ನೂಕೂನೇನ್ರಿ ಮಾಸ್ತರ್ರ?”

“ಚಾಲೂನ ಐತ್ರಿ,” ಎಂದರು ಮಾಸ್ತರರು, ಸಾವಿನ ಸುದ್ದಿ ಹೇಳುವವರಂತೆ.

ಮಿಸ್ತ್ರಿ ಬಾನೆಟ್ಟಿಗೆ ಕಿವಿಯಿಟ್ಟರು. “ಭಾರೀ ಆತಲ್ರಿ! ಉಸರಾಡಿದ್ದೂ ಕೇಳವಲ್ದು. ರಾತ್ರಿ ಯಾರ್ ರಿಪೇರಿ ಮಾಡಿದ್ರು?”

“ಯಾರೂ ಇಲ್ಲ. ತಾನ ಮಾಡ್ಕೊಂಡೈತಿ.”

“ಒಂದ ಸ್ಪ್ಯಾನರ್ ಮುಟ್ಟಲಾರ್ದ?” ಮಿಸ್ತ್ರಿ ಕಾರನ್ನು ಒಂದು ಸುತ್ತು ಹಾಕಿ ಬಂದರು. “ಹಂಗಾರ ನಾನೂ ಬರ್ತೇನ್ರಿ. ಇದರ ಕರಾಮತ್ತ ಎಷ್ಟ ದೂರ ನಡಿತೈತಿ ನೋಡೂನು. ಬರ್ಲೇನು?”

ಮಾಸ್ತರರಿಗೆ ಇದೂ ಬೇಡವಾಗಿತ್ತು. ಆದರೆ “ಬರ್ರಿ” ಎಂದೇ ಬಾಯಿಂದ ಬಂತು.

ಕಾಲ ಕಳೆಯಲೆಂದು ಅವರು ಬೇಕೆಂದೇ ಹುಕ್ಕೇರಿ ರಸ್ತೆಗೆ ತಿರುಗಿಸಿದರು. ತುಕ್ಕಾನಟ್ಟಿಗೆ ಪೂರಾ ಉಲ್ಟಾ ದಿಕ್ಕು. ಹೋಗಬೇಕಾದ ಊರನ್ನು ಮೊಬೈಲಿನಿಂದಲೇ ತಿಳಿದುಕೊಂಡಿದ್ದ ಕಾರಿನೊಳಗಿನ ಹೆಣ್ಣುದನಿ ಬೇಸರಪಡದೆ ಹೇಳಿತು: “ಮುಂದೆ ಬಲಕ್ಕೆ ತಿರುಗಿ. ಪೇಟೆಯ ದಟ್ಟಣೆ ತಪ್ಪುತ್ತದೆ. ನೀವು ಐದು ನಿಮಿಷ ಮೊದಲೇ ತಲುಪುತ್ತೀರಿ.” ಮಿಸ್ತ್ರಿ ಆ ದನಿಗೆ ಕೈಮುಗಿದರು.

ಮುಂದೆ ಕಬ್ಬಿನ ಗದ್ದೆಯಿಂದ ಎರಡು ಎಮ್ಮೆಗಳು ದಿಢೀರನೆ ರಸ್ತೆಗಿಳಿದವು. ಯೋಚನೆಯಲ್ಲಿ ಮುಳುಗಿದ್ದ ಮಾಸ್ತರರ ಕಾಲು ಬ್ರೇಕಿನ ಮೇಲೆ ಬರುವ ಮೊದಲೇ ಕಾರು ತಾನಾಗಿ ನಿಂತು, ಎಮ್ಮೆಗಳು ದಾಟುವವರೆಗೂ ತಾಳ್ಮೆಯಿಂದ ಕಾದಿತು. ಮಿಸ್ತ್ರಿಯ ಕಣ್ಣಲ್ಲಿ ನೀರು ಬಂತು.

“ನನ್ನ ಜೀಪ್ ಇದ್ದಿದ್ರ ಇಷ್ಟೊತ್ತಿಗೆ ಎರಡೂ ಎಮ್ಮಿ, ನಾವಿಬ್ರೂ, ಎಲ್ಲಾರೂ ದವಾಖಾನ್ಯಾಗ ಇರ್ತಿದ್ವಿ! ಇಷ್ಟ ದಿನಾ ಇದನ್ನ ಬೈದ ಬಾಯಿಗೆ ಹುಳಾ ಬೀಳ್ಲಿ!”

ಆ ಮೆಚ್ಚುಗೆಯಲ್ಲಿ ಸುಳ್ಳೇನಿರಲಿಲ್ಲ. ನಿಜ ಹೇಳಬೇಕೆಂದರೆ ಮಾಸ್ತರರಿಗೂ ಕಾರಿನ ಮೇಲೆ ಅಭಿಮಾನ ಉಕ್ಕಿತು. ನಿನ್ನೆಯವರೆಗೆ ತಲೆತಿರುಕನಂತಿದ್ದ ಗಾಡಿ ಒಂದು ರಾತ್ರಿಯಲ್ಲಿ ಕೂತಲ್ಲೇ ಬುದ್ಧಿ ಕಲಿತಿತ್ತು. ಐವತ್ತೆರಡು ವರ್ಷದಲ್ಲಿ ತಮಗದು ಸಾಧ್ಯವಾಗಿರಲಿಲ್ಲ. ಆದರೆ ಕಲಿಯಲಿಕ್ಕೆ ಇದೇ ದಿನ ಬೇಕಿತ್ತೇ?

ಸುತ್ತಿ ಬಳಸಿ ದಾರಿಯ ಮೇಲಿನ ಮಸಗುಪ್ಪಿಗೆ ಬಂದಾಗ ಹನ್ನೊಂದಾಗುತ್ತ ಬಂದಿತ್ತು. ಇನ್ನು ಮುಂದೆ ಹೋದರೆ ಕತೆ ಮುಗಿಯಿತು. ಮಾಸ್ತರರು ಮಿಸ್ತ್ರಿಯನ್ನು ಚಹಾ ಕುಡಿಯಲು ಅಂಗಡಿಗೆ ಕಳಿಸಿ, ಕಾರನ್ನು ತಾವೇ ಬಂದ್ ಮಾಡಿ, ಶೋಭಾಳಿಗೆ ಫೋನ್ ಮಾಡಿದರು.

“ಗಾಡಿ ಕೆಟ್ಟೈತಿ. ಪರದಾ ಪೂರಾ ಕರ್ರಗ ಆಗೇತಿ. ಇವತ್ತ ಬರೂದು ಆಗೂದಿಲ್ಲ ಅಂತ ಹೇಳು.”

“ಅಯ್ಯ, ಹಿರ್ಯಾರು ಬಂದ ಕುಂತಾರ್ರಿ! ಎಲ್ಲಿ ಅದೀರಿ?”

ಒಂದು ದಿನಕ್ಕೆ ಒಂದಕ್ಕಿಂತ ಹೆಚ್ಚು ಸುಳ್ಳು ಹೇಳುವ ಶಕ್ತಿ ಮಾಸ್ತರರಿಗಿರಲಿಲ್ಲ. “ಮಸಗುಪ್ಯಾಗ,” ಎಂದುಬಿಟ್ಟರು.

“ಅಲ್ಲೇ ಇರ್ರಿ. ಟ್ರ್ಯಾಕ್ಟರ್ ಕಳಸ್ತೇನಿ, ಎಳಕೊಂಡ ಬರ್ತಾರ.”

ಫೋನಿನ ಮಾತು ಚಹಾದಂಗಡಿಯವರೆಗೂ ಕೇಳಿಸಿತ್ತು. ಮಿಸ್ತ್ರಿ ಅರ್ಧ ಲೋಟ ಅಲ್ಲೇ ಬಿಟ್ಟು ಓಡಿ ಬಂದರು. ಹಿಂದೆ ಹತ್ತು ಜನ. ಒಬ್ಬ ಬಾನೆಟ್ ಎತ್ತಿದ, ಇನ್ನೊಬ್ಬ ಚಕ್ರ ಒದ್ದ. ಹನಮವ್ವನೆಂಬ ಮುದುಕಿ, “ದೃಷ್ಟಿ ತಾಗೇತಿ,” ಎಂದು ಹಿಡಿ ಉಪ್ಪು ತಂದು ಕಾರಿಗೆ ಇಳಿ ತೆಗೆದಳು.

“ಬಂಗಾರದಂಗ ಬಂದಿತ್ತಲ್ರೋ!” ಮಿಸ್ತ್ರಿ ಮನೆಯವರನ್ನು ಕಳೆದುಕೊಂಡಂತೆ ಗೋಳಾಡುತ್ತ, ಕಾರಿನ ಚಾವಣಿಯಲ್ಲಿದ್ದ ಕೆಂಪು ಗುಂಡಿಯನ್ನು ಒತ್ತಿಯೇಬಿಟ್ಟರು. ಕಂಪನಿಯ ಸಹಾಯವಾಣಿ ಅದು. “ನಿಮ್ಮ ಗಾಡಿಯನ್ನು ಇಲ್ಲಿಂದಲೇ ಪರೀಕ್ಷಿಸುತ್ತಿದ್ದೇವೆ, ದಯವಿಟ್ಟು ಕಾಯಿರಿ,” ಎಂದಿತು ಒಳಗಿನ ದನಿ. ಮಾಸ್ತರರ ಅಂಗಿ ಬೆವರಿಗೆ ತೊಯ್ದು ಹೋಯಿತು.

ಆಗಲೇ ಟ್ರ್ಯಾಕ್ಟರ್ ಬಂತು. ಮೇಲೆ ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ಕೂತಿದ್ದರು. ಟ್ರ್ಯಾಕ್ಟರ್ ಯಲ್ಲಪ್ಪನ ತಾಬೆಯಲ್ಲಿತ್ತು, ಎಳೆಯುವ ಸರಪಳಿ ಲಕ್ಷ್ಮಣನ ಬಳಿ. ಸರಪಳಿಯನ್ನು ಅಣ್ಣನ ಕೈಗೆ ಕೊಡಲಾರೆನೆಂದು ಲಕ್ಷ್ಮಣ ತಾನೂ ಹತ್ತಿದ್ದ. ಇಳಿದವನೇ ಯಲ್ಲಪ್ಪ ಕೆಂಡವಾದ.

“ಮಾಮಾ, ಕಾಲುವಿ ಹೊಲಾ ನನಗ ಅಂತ ಹೇಳಿದ್ರಿ. ಇವಂಗೂ ಅದ ಮಾತ ಹೇಳೀರಂತ?”

“ದಾರಿ ತುಂಬ ಬಡದಾಡಿದ್ವಿ,” ಎಂದ ಲಕ್ಷ್ಮಣ. “ನನಗ ಹೇಳ್ಯಾರ ಅಂತ ಇವಾ, ನನಗ ಅಂತ ನಾ. ಕಡೀಕ ನೋಡಿದ್ರ ಇಬ್ರಿಗೂ ಟೋಪಿ ಹಾಕೀರಿ ನೀವು!”

ಮಾಸ್ತರರು ಬಾಯಿ ತೆರೆದರು. ಮಾತಾಡಿದ್ದು ಕಾರು.

“ಪರೀಕ್ಷೆ ಮುಗಿದಿದೆ ಸರ್. ನಿಮ್ಮ ಗಾಡಿಯಲ್ಲಿ ಯಾವ ದೋಷವೂ ಇಲ್ಲ. ಹತ್ತು ಗಂಟೆ ಐವತ್ತೆರಡು ನಿಮಿಷಕ್ಕೆ ನೀವೇ ಅದನ್ನು ಬಂದ್ ಮಾಡಿದ್ದೀರಿ. ಧನ್ಯವಾದ.”

ಹನಮವ್ವ ಉಪ್ಪು ಹಿಡಿದ ಕೈಯನ್ನು ಕೆಳಗಿಳಿಸಿದಳು. ಭೂಮಿ ಬಾಯಿಬಿಟ್ಟರೆ ಕಾರಿನ ಸಮೇತ ಇಳಿದುಬಿಡುತ್ತೇನೆ ಎಂದುಕೊಂಡರು ಮಾಸ್ತರರು. ಲಕ್ಷ್ಮಣ ಒಮ್ಮೆ ಕಾರನ್ನು, ಒಮ್ಮೆ ಟ್ರ್ಯಾಕ್ಟರನ್ನು, ಒಮ್ಮೆ ಅಣ್ಣನನ್ನು ನೋಡಿದ. ಅವನ ಮುಖ ನಿಧಾನವಾಗಿ ಅರಳಿತು.

“ಅಣ್ಣಾ, ತಿಳೀತೇನು? ಗಾಡಿ ಕೆಟ್ಟಿಲ್ಲ. ಮಾಮಾ ಬೇಕಂತ ನಿಲ್ಲಿಸ್ಯಾರ! ಎಂಟ ತಿಂಗಳಿಂದ ಮಾತಾಡಲಾರದ ನಮ್ಮನ್ನ ಒಂದ ಟ್ರ್ಯಾಕ್ಟರ್ ಮ್ಯಾಲ ಕುಂಡ್ರಸಾಕ! ಇಬ್ರಿಗೂ ಒಂದ ಮಾತ ಕೊಟ್ಟಿದ್ದೂ ಅದಕ್ಕ!”

“ಬಡದಾಡಿದ್ರೂ ಮಾತ ಚಾಲೂ ಆತ ನೋಡ,” ಎಂದು ಯಲ್ಲಪ್ಪ ಮಾಸ್ತರರತ್ತ ತಿರುಗಿದ. “ಹೌದೇನ್ರಿ ಮಾಮಾ?”

ಇಲ್ಲ ಎನ್ನಲು ಇದೊಂದು ಒಳ್ಳೆಯ ಅವಕಾಶವಿತ್ತು. ಮಾಸ್ತರರು “ಹೂಂ” ಎಂದರು.

ಇಬ್ಬರೂ ರಸ್ತೆಯಲ್ಲೇ ಅವರ ಕಾಲಿಗೆ ಬಿದ್ದರು. ಹೊಲ ಒಡೆಯುವುದು ಬೇಡವೆಂದು ಅಲ್ಲೇ ತೀರ್ಮಾನವಾಯಿತು. “ಗಾಡಿಗೆ ತಕ್ಕ ಮಾಲಕ!” ಎಂದು ಮಿಸ್ತ್ರಿ ಇಡೀ ಕತೆಯನ್ನು ಚಹಾದಂಗಡಿಯಲ್ಲಿ ಮೂರು ಸಲ ಹೇಳಿದರು. ತುಕ್ಕಾನಟ್ಟಿಯಲ್ಲಿ ಹಿರಿಯರು ಎದ್ದು ನಿಂತು ಮಾಸ್ತರರಿಗೆ ಶಾಲು ಹೊದಿಸಿದರು. ಮದುವೆಯಾದಂದಿನಿಂದ ಕಾಣದಿದ್ದ ಗೌರವ ಶೋಭಾಳ ಕಣ್ಣಲ್ಲಿ ಕಂಡಿತು. ಜೀವ ಉಳಿಯಿತು ಎಂದು ಮಾಸ್ತರರು ಹೋಳಿಗೆಗೆ ಕೈಹಾಕಿದರು. ಅಷ್ಟರಲ್ಲಿ ಫೋನು ರಿಂಗಾಯಿತು.

“ಮಾಸ್ತರ್ರೇನ್ರಿ? ನಾ ದಡ್ಡಿ ಊರಿಂದ ಗುರುಪಾದ ಮಾತಾಡಾಕತ್ತೇನ್ರಿ. ಮಸಗುಪ್ಪಿ ಸುದ್ದಿ ಕೇಳಿದೆ. ನಾವು ನಾಕ ಮಂದಿ ಅಣ್ಣತಮ್ಮಂದ್ರು, ಒಬ್ರ ಮುಖಾ ಒಬ್ರು ನೋಡೂದಿಲ್ಲ. ಬರೂ ಭಾನುವಾರ ನೀವು ಬಂದ ನಮ್ಮ ಹಂಚಿಕಿ ಬಗಿಹರಸಬೇಕ್ರಿ.”

ಮಾಸ್ತರರು ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿದರು. “ಬರೂದು ಕಠಿಣ ಐತ್ರಿ. ನನ್ನ ಗಾಡಿ ನಂಬಾಂಗಿಲ್ಲ. ನಡುದಾರ್ಯಾಗ ಕೆಟ್ಟ ನಿಲ್ಲತೈತಿ.”

“ನಿಲ್ಲಲಿ ಬಿಡ್ರಿ, ಅದಕ್ಕ ನಿಮ್ಮನ್ನ ಕರ್ಯಾಕತ್ತೇನಿ,” ಎಂದಿತು ಆ ಕಡೆಯ ದನಿ. “ಎಲ್ಲಿ ಕೆಡಸ್ತೀರಿ ಅನ್ನೂದೊಂದ ಹೇಳ್ರಿ. ನಾಕೂ ಮಂದಿ ಟ್ರ್ಯಾಕ್ಟರ್ ತಗೊಂಡ ಬಂದ ಕಾಯತೇವಿ.”