ಸುದ್ದಿಗೆ ಕೊಟ್ಟ ಕುದುರೆ

ಜಿಪಾರ್ ಬೂದು ಕುದುರೆಯ ಹಾಲು ಕರೆಯುತ್ತಿದ್ದಳು. ಗಂಡ ಕೆರಿಂಬೆಕ್ ಮರಿಯನ್ನು ತಾಯಿಯ ಪಕ್ಕೆಗೆ ಒತ್ತಿ ಹಿಡಿದು ನಿಂತಿದ್ದ. ಆಗ ಪಕ್ಕದ ಮನೆಯ ಸಾಲ್ಕಿನಕ್ಕ ಬೇಲಿಯ ಸಂದಿಯಿಂದ ನುಗ್ಗಿ, ಕಮ್ಮಾರನ ತಿದಿಯ ಹಾಗೆ ಏದುಸಿರು ಬಿಡುತ್ತ ಬಂದಳು.

"ಸುಯುಂಚು! ಸುಯುಂಚು ಕೊಡು ಕೆರಿಂ, ಆಮೇಲೆ ಹೇಳ್ತೀನಿ!"

ಒಳ್ಳೆಯ ಸುದ್ದಿ ತಂದವರು ಸುಯುಂಚು ಎಂದು ಉಡುಗೊರೆ ಕೇಳಿದರೆ ಇಲ್ಲ ಎನ್ನುವ ಹಾಗಿಲ್ಲ. ಬರಿಗೈಯಲ್ಲಿ ಕಳಿಸಿದರೆ ಸುದ್ದಿ ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ. ಮಗ ಹುಟ್ಟಿದನೆಂದು ಹೇಳಿದವನಿಗೆ ಕೆರಿಂಬೆಕ್‌ನ ತಂದೆ ಕೂತಿದ್ದ ಕುದುರೆಯನ್ನೇ ಇಳಿದು ಕೊಟ್ಟು, ತಡಿಯನ್ನು ಹೆಗಲ ಮೇಲೆ ಹೊತ್ತು ಮನೆಗೆ ನಡೆದು ಬಂದಿದ್ದ. ಆ ಸುದ್ದಿ ತಾನೇ ಆಗಿದ್ದರಿಂದ, ಈ ವಿಷಯದಲ್ಲಿ ಕೈ ಬಿಗಿ ಹಿಡಿಯಲು ಕೆರಿಂಬೆಕ್‌ಗೆ ಮುಖವಿರಲಿಲ್ಲ.

"ಕೊಟ್ಟೆ ಅಕ್ಕ, ಹೇಳು!"

"ನಿನ್ನ ಅರ್ಜಿ ಒಪ್ಪಿದಾರಂತೆ! ನನ್ನ ತಂಗಿ ಮಗಳು ಪೇಟೆಯಿಂದ ಫೋನ್ ಮಾಡಿದ್ಲು. ಇವತ್ತೇ ಅಧಿಕಾರಿ ಬರ್ತಾನೆ, ಸಹಿ ಹಾಕಿಸ್ಕೋತಾನೆ!"

ಕೆರಿಂಬೆಕ್ ಸಂತೋಷದಲ್ಲಿ ಮರಿಯನ್ನು ಬಿಟ್ಟುಬಿಟ್ಟ. ಮರಿ ಹಾಲಿನ ಬಕೆಟ್ಟಿಗೆ ಒದೆಯಿತು. ಜಿಪಾರ್ ಒದೆ ತಿಂದವಳ ಹಾಗೆ ಗಂಡನನ್ನು ನೋಡಿದಳು.

ಅಂಗಳದ ಕೊನೆಯ ಕೊಟ್ಟಿಗೆಯೇ ಕೆರಿಂಬೆಕ್‌ನ ಕಂಪನಿ. ಬೂದು ಕುದುರೆಯೊಂದೇ ಅವನದು. ಉಳಿದ ಹಾಲನ್ನು ಊರವರಿಂದ ಕೊಂಡು, ಹುಳಿ ಬರಿಸಿ, ಕುಮಿಸ್ ಮಾಡಿ, ಬಾಟಲಿಗೆ ತುಂಬಿ ನಾರಿನ್ ಪೇಟೆಗೆ ಕಳಿಸುತ್ತಿದ್ದ. ಬೇಸಿಗೆ ಬಂದರೆ ಅದು ಪೇಟೆ ಮುಟ್ಟುವ ಮೊದಲೇ ಕೆಡುತ್ತಿತ್ತು. ದೊಡ್ಡ ಫ್ರಿಜ್ಜೊಂದು ಬೇಕಿತ್ತು. ಸಣ್ಣ ಖಾಸಗಿ ಕಂಪನಿಗಳ ಷೇರು ಕೊಳ್ಳಲು ಸರ್ಕಾರ ಹೊರಟಿದೆ ಎಂದು ಕೇಳಿ, ಕಾಲು ಭಾಗ ಮಾರುತ್ತೇನೆಂದು ಅರ್ಜಿ ಹಾಕಿದ್ದ. "ಕಾಲು ಅವರದು, ಮುಕ್ಕಾಲು ನಮ್ಮದು. ಯಜಮಾನ ನಾನೇ" ಎಂದು ಹೆಂಡತಿಗೆ ದಿನವೂ ಹೇಳುತ್ತಿದ್ದ. ಅರ್ಧ ಆಯುಸ್ಸು ಕಂಡವರ ಕುದುರೆ ಕಾದವನಿಗೆ ಆ ಮಾತು ಎಷ್ಟು ಸಲ ಆಡಿದರೂ ಸಾಲದು.

ಕುರಿಗಳೆಲ್ಲ ತಮ್ಮನ ಜೊತೆ ಬೆಟ್ಟದ ಹುಲ್ಲುಗಾವಲಿಗೆ ಹೋಗಿದ್ದವು. ಮನೆಯಲ್ಲಿ ಕೊಡುವಂಥದ್ದೇನೂ ಇರಲಿಲ್ಲ, ಕೊಟ್ಟಿಗೆಯಲ್ಲಿತ್ತು. ಸಾಲ್ಕಿನಕ್ಕ ಹಾಲಿನ ಕ್ಯಾನುಗಳನ್ನು ಎರಡೂ ಕೈಯಲ್ಲಿ ತೂಗಿಸಿಕೊಂಡು ಹೋದಳು.

ಚಹಾ ಕುಡಿದು ಮುಗಿದಿರಲಿಲ್ಲ, ಮುದುಕ ಮೊಲ್ದಾಲಿ ಕತ್ತೆ ಏರಿ ಬಂದ.

"ಸುಯುಂಚು, ಮಗಾ!"

"ಗೊತ್ತಾಯ್ತು ಮಾವ. ಸಾಲ್ಕಿನಕ್ಕ ಹೇಳಿದ್ಲು."

"ಅವಳೇನ್ ಹೇಳಿದ್ಲು? ಬರ್ತಾನೆ ಅಂದ್ಲು. ನಾನು ಹೇಳ್ತಿರೋದು, ಹೊರಟ ಅಂತ. ಕಾರು ಹತ್ತಿದ್ದನ್ನ ನನ್ನ ಅಳಿಯ ಕಣ್ಣಾರೆ ಕಂಡಿದಾನೆ. ಬರ್ತೀನಿ ಅಂದೋರೆಲ್ಲ ಹೊರಡ್ತಾರೇನೋ?"

ಅದೂ ನಿಜವೇ ಎನಿಸಿತು. ಮೊಲ್ದಾಲಿಯ ಕತ್ತೆಯ ಮೇಲೆ ಕಂಪನಿಯ ತಕ್ಕಡಿ ಹೋಯಿತು.

ಮಧ್ಯಾಹ್ನ ಶಾಲೆಯ ಮೇಷ್ಟ್ರು ತುರ್ಗುನ್ ಬಂದರು. ಅಧಿಕಾರಿಯ ಕಾರು ಸೇತುವೆ ದಾಟಿತೆಂಬುದು ಅವರು ತಂದ ಸುದ್ದಿ. ಮೇಷ್ಟ್ರಿಗೆ ಸಣ್ಣದನ್ನು ಕೊಟ್ಟರೆ ಮರ್ಯಾದೆಯಲ್ಲ. ಬಾಟಲಿಗೆ ಮುಚ್ಚಳ ಒತ್ತುವ ಯಂತ್ರವೇ ಹೋಯಿತು. ಅದರಿಂದ ಏನು ಮಾಡಬೇಕೆಂದು ಮೇಷ್ಟ್ರಿಗೂ ತಿಳಿಯಲಿಲ್ಲ. ಆದರೂ ಬೇಡ ಎನ್ನಲಿಲ್ಲ.

"ಬಂದಿರೋದು ಒಂದೇ ಸುದ್ದಿ," ಎಂದಳು ಜಿಪಾರ್. "ಅದನ್ನ ಕುರಿ ಹೆಚ್ಚಿದ ಹಾಗೆ ತುಂಡು ತುಂಡು ಮಾಡಿ ತರ್ತಿದಾರೆ. ನೀನು ಒಂದೊಂದು ತುಂಡಿಗೂ ಇಡೀ ಕುರಿ ಕೊಡ್ತಿದೀಯ."

"ಸುಮ್ನಿರೇ. ಇವತ್ತು ಜುಗ್ಗತನ ಮಾಡಿದ್ರೆ ಕಾರು ಕೆಟ್ಟು ನಿಲ್ಲುತ್ತೆ."

ಕಾರು ಕೆಡಲಿಲ್ಲ. ಊರ ಬಾಯಿಗೆ ಬಂದಾಗ ಮೊಲ್ದಾಲಿ ಮತ್ತೆ ಕತ್ತೆಯನ್ನು ಓಡಿಸಿಕೊಂಡು ಬಂದ.

"ಸುಯುಂಚು! ದಾರಿ ಕೇಳೋಕೆ ನಿಂತಿದ್ದ, ಮಾತಾಡಿಸ್ದೆ. ಯಾರ ಪೈಕಿ ಗೊತ್ತೇನೋ? ನಿನ್ನ ತಾಯಿ ಕುಲ! ಸರ್ಕಾರ ನಿನ್ನ ಸೋದರಮಾವ ಆಗಿ ಬರ್ತಿದೆ!"

ಕೆರಿಂಬೆಕ್‌ನ ಕಣ್ಣು ತುಂಬಿ ಬಂತು. ಅವನ ಕೈ ತಾನಾಗಿ ಬೂದು ಕುದುರೆಯ ಹಗ್ಗದ ಮೇಲೆ ಹೋಯಿತು. ಜಿಪಾರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕುದುರೆ ಹೋಯಿತು, ಹಿಂದೆ ಮರಿಯೂ ಹೋಯಿತು.

ಅಧಿಕಾರಿ ಎರ್ಮೆಕ್ ಮೃದು ಮಾತಿನ ಯುವಕ. ಚಹಾ ಕುಡಿದ, ರೊಟ್ಟಿ ಮುರಿದ, ತಾಯಿಯ ಕಡೆಯ ಏಳು ತಲೆಮಾರಿನ ಹೆಸರು ಹೇಳಿ ಕೆರಿಂಬೆಕ್‌ನನ್ನು ಅಪ್ಪಿಕೊಂಡ. ಆಮೇಲೆ ಕೊಟ್ಟಿಗೆಗೆ ಬಂದು ಸುತ್ತ ನೋಡಿದ. ಬಾಗಿಲಲ್ಲಿ ಊರು ನೆರೆದಿತ್ತು.

"ಅಣ್ಣ, ಕ್ಯಾನುಗಳೆಲ್ಲಿ? ತಕ್ಕಡಿ? ಯಂತ್ರ?"

"ಸುಯುಂಚು ಕೊಟ್ಟೆ."

"ಕುದುರೆ?"

"ಅದೂನೂ. ನೀವು ನಮ್ಮ ತಾಯಿ ಕುಲದವರು ಅಂತ."

ಎರ್ಮೆಕ್ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಅವನೂ ಆ ಮಣ್ಣಿನವನೇ. ಕೊಟ್ಟದ್ದನ್ನು ವಾಪಸು ತರಿಸಿ ಎನ್ನಲು ಅವನಿಗೂ ನಾಲಿಗೆ ಏಳಲಿಲ್ಲ. ಬಹಳ ಹೊತ್ತು ಲೆಕ್ಕ ಹಾಕಿ, ಬೆವರು ಒರೆಸಿಕೊಂಡ.

"ಅಣ್ಣ, ಸರ್ಕಾರ ಕೊಡೋ ದುಡ್ಡು ಇಷ್ಟೇ ಅಂತ ಮೊದಲೇ ನಿಗದಿಯಾಗಿದೆ. ಅದು ಬದಲಾಗಲ್ಲ. ಮೊದಲಿದ್ದ ಕಂಪನಿಯಲ್ಲಿ ಅಷ್ಟು ದುಡ್ಡಿಗೆ ಕಾಲು ಭಾಗ ಬರ್ತಿತ್ತು. ಈಗ ಉಳಿದಿರೋ ಕಂಪನಿಯಲ್ಲಿ ಅಷ್ಟೇ ದುಡ್ಡಿಗೆ ಅರ್ಧಕ್ಕಿಂತ ಜಾಸ್ತಿ ಬರುತ್ತೆ."

"ಅಂದ್ರೆ ಯಜಮಾನ?"

"ಸರ್ಕಾರ. ನೀವು ಇಲ್ಲೇ ಕೆಲಸಕ್ಕಿರಬಹುದು. ಬೇಡ ಅನ್ನಿಸಿದ್ರೆ ಸಹಿ ಹಾಕ್ಬೇಡಿ."

ಕೆರಿಂಬೆಕ್ ಬಾಗಿಲ ಕಡೆ ನೋಡಿದ. ಸಹಿ ಹಾಕದಿದ್ದರೆ ಬೆಳಗಿನಿಂದ ಬಂದ ಒಳ್ಳೆಯ ಸುದ್ದಿಗಳೆಲ್ಲ ಸುಳ್ಳಾಗುತ್ತಿದ್ದವು. ಸುಳ್ಳು ಸುದ್ದಿಗೆ ಸುಯುಂಚು ತಿಂದವರೆಂದು ಮುದುಕ ಮೊಲ್ದಾಲಿಯನ್ನು, ಸಾಲ್ಕಿನಕ್ಕನನ್ನು, ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರನ್ನು ಜನ ಆಡಿಕೊಳ್ಳುತ್ತಿದ್ದರು. ಫ್ರಿಜ್ಜಾದರೂ ಬರುತ್ತದಲ್ಲ ಎಂದುಕೊಂಡು ಸಹಿ ಹಾಕಿದ. ಊರು ಚಪ್ಪಾಳೆ ತಟ್ಟಿತು.

ಎರ್ಮೆಕ್ ಕಾಗದ ಮಡಚಿಟ್ಟುಕೊಂಡ. "ಇನ್ನು ದುಡ್ಡನ್ನ ಯಾವುದಕ್ಕೆ ಹಾಕ್ಬೇಕು ಅನ್ನೋದನ್ನ ದೊಡ್ಡ ಪಾಲಿನವರೇ ಹೇಳ್ಬೇಕು. ಈಗಲೇ ಫ್ರಿಜ್ಜು ಬೇಡ. ಕುದುರೆ ಇಲ್ಲ, ಕ್ಯಾನಿಲ್ಲ, ತೂಗೋಕೆ ತಕ್ಕಡಿಯಿಲ್ಲ, ಏನನ್ನ ತಂಪಾಗಿಡ್ತೀರಿ? ಮೊದಲು ಅವನ್ನ ಕೊಳ್ಳಿ. ಹತ್ತಿರದಲ್ಲೇ ಸಿಕ್ಕಿದ್ರೆ ಸಾಗಿಸೋ ಖರ್ಚೂ ಇರಲ್ಲ."

ಬಾಗಿಲಲ್ಲಿದ್ದವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬಂದರು.

"ನನ್ನ ಹತ್ರ ಎರಡು ಕ್ಯಾನಿವೆ ಸಾಹೇಬ್ರೆ," ಎಂದಳು ಸಾಲ್ಕಿನಕ್ಕ. "ಒಂದೇ ದಿನ ಬಳಸಿರೋದು."

ಮೇಷ್ಟ್ರು ಆಗಲೇ ಯಂತ್ರ ತರಲು ಮನೆಯ ಕಡೆ ಓಡಿದ್ದರು. ಮೊಲ್ದಾಲಿ ಬೂದು ಕುದುರೆಯನ್ನು ಅಂಗಳಕ್ಕೆ ನಡೆಸಿಕೊಂಡು ಬಂದು, ಅದರ ಹಲ್ಲು ತೋರಿಸಿ, ಬೆನ್ನು ಸವರಿ, ಸರ್ಕಾರಕ್ಕೆಂದು ಸ್ವಲ್ಪ ಕಡಿಮೆಯೇ ಹೇಳುತ್ತೇನೆಂದ. ಅವರ ಚೌಕಾಸಿ ಮುಗಿಯುವ ತನಕ ಮರಿ ಓಡಿಹೋಗದ ಹಾಗೆ ಹಿಡಿದುಕೊಂಡು ನಿಲ್ಲುವ ಕೆಲಸ ಕೆರಿಂಬೆಕ್‌ಗೆ ಬಂತು.